ಎತ್ತಿಗೊಂದು ಸೋಮವಾರ

ಮಾರ್ಚ್ ತಿಂಗಳು ಬಂತೆಂದರೆ ನಮ್ಮ ಮನೆಯಲ್ಲಿ ಯಾರಿಗೂ ಪುರಸೊತ್ತಿಲ್ಲ. ಮಗನಿಗೆ ಕಂಪನಿಯಲ್ಲಿ ವರ್ಷಾಂತ್ಯದ ಲೆಕ್ಕ. ಸೊಸೆ ಶಾಲೆಯಲ್ಲಿ ಟೀಚರ್, ಅವಳಿಗೆ ಪರೀಕ್ಷೆಯ ಕೆಲಸ. ಮೊಮ್ಮಗಳಿಗೆ ಕಳೆದ ವರ್ಷ ಎಸ್ಸೆಸ್ಸೆಲ್ಸಿ. ನನ್ನ ಹೆಂಡತಿಗೆ ಬಿಸಿಲು ಚೆನ್ನಾಗಿದೆ ಎಂಬ ಕಾರಣಕ್ಕೆ ಹಪ್ಪಳ, ಸಂಡಿಗೆ. ಪುರಸೊತ್ತಾಗಿದ್ದವನು ನಾನೊಬ್ಬನೇ. ಬ್ಯಾಂಕಿನಿಂದ ನಿವೃತ್ತನಾಗಿ ಹದಿನಾಲ್ಕು ವರ್ಷದ ಮೇಲಾಯಿತು. ಪೇಪರ್ ಓದುವುದು, ವಾಕಿಂಗ್ ಹೋಗುವುದು, ಈ ಅಂಕಣ ಬರೆಯುವುದು. ಪುರಸೊತ್ತಿದ್ದವರಿಗೆ ಇತರರು ಕಣ್ಣಿಗೆ ಬೀಳುತ್ತಾರೆ ನೋಡಿ, ಹಾಗೆ ಒಂದು ರಾತ್ರಿ ನನ್ನ ಕಣ್ಣಿಗೆ ಮೊಮ್ಮಗಳು ಬಿದ್ದಳು.

ರಾತ್ರಿ ಹನ್ನೆರಡು ಗಂಟೆ ದಾಟಿತ್ತು. ನೀರು ಕುಡಿಯಲು ಎದ್ದೆ. ಹಾಲ್‌ನಲ್ಲಿ ದೀಪ ಉರಿಯುತ್ತಿತ್ತು. ಟೇಬಲ್ಲಿನ ಮುಂದೆ ಕೂತು ಸದ್ದಿಲ್ಲದೆ ಅಳುತ್ತಿದ್ದಳು.

"ಯಾಕೆ ಪುಟ್ಟಿ?" ಅಂದೆ.

"ಈ ಲೆಕ್ಕ ಬರ್ತಾನೇ ಇಲ್ಲ ತಾತ. ನೆನ್ನೆ ಬರ್ತಿತ್ತು. ಮುಕ್ಕಾಲು ಗಂಟೆಯಿಂದ ಮಾಡ್ತಾ ಇದೀನಿ. ನಂಗೆ ಎಲ್ಲಾ ಮರ್ತೋಗಿದೆ."

ಕನ್ನಡಕ ಹಾಕಿಕೊಂಡು ನೋಡಿದೆ. ವರ್ಗ ಸಮೀಕರಣ. ಪುಸ್ತಕದಲ್ಲಿ ಎಕ್ಸ್ ವರ್ಗ, ಮೈನಸ್ 7 ಎಕ್ಸ್, ಪ್ಲಸ್ 12 ಎಂದಿತ್ತು. ಗುಣಿಸಿದರೆ 12, ಕೂಡಿದರೆ 7 ಬರುವ ಎರಡು ಸಂಖ್ಯೆ ಬೇಕು. ಮೂರು, ನಾಲ್ಕು. ಸುಲಭದ ಲೆಕ್ಕ. ಆದರೆ ಇವಳು ನೋಟ್ ಬುಕ್ಕಿನಲ್ಲಿ 12ರ ಬದಲು 21 ಎಂದು ಬರೆದುಕೊಂಡಿದ್ದಳು. ಗುಣಿಸಿದರೆ 21, ಕೂಡಿದರೆ 7 ಬರುವ ಜೋಡಿಯನ್ನು ಮುಕ್ಕಾಲು ಗಂಟೆಯಿಂದ ಹುಡುಕುತ್ತಿದ್ದಳು. ಎಲ್ಲಿಂದ ಸಿಗಬೇಕು?

ಆ 21 ನೋಡಿದ ಕೂಡಲೇ ನನಗೆ 1979ನೇ ಇಸವಿ ನೆನಪಾಯಿತು. ಮಕ್ಕಳೇ, ಆ ಕಥೆಯನ್ನು ಮೊದಲು ಹೇಳಿಬಿಡುತ್ತೇನೆ.

ಆಗ ನಾನು ತಿಪಟೂರಿನ ಒಂದು ಬ್ಯಾಂಕ್ ಶಾಖೆಯಲ್ಲಿ ಗುಮಾಸ್ತ. ಕೊಬ್ಬರಿ ವ್ಯಾಪಾರದ ಊರು, ವರ್ಷವೆಲ್ಲ ಜನಸಂದಣಿ. ಬಿಕಾಂ ಮುಗಿಸಿ ಕೆಲಸಕ್ಕೆ ಸೇರಿ ಆರು ವರ್ಷವಾಗಿತ್ತು. ಆಗ ಬ್ಯಾಂಕುಗಳ ವರ್ಷ ಮುಗಿಯುತ್ತಿದ್ದುದು ಡಿಸೆಂಬರ್ 31ಕ್ಕೆ, ಅರ್ಧ ವರ್ಷ ಜೂನ್ 30ಕ್ಕೆ. ಆ ಎರಡು ದಿನ 'ಬ್ಯಾಂಕಿಗೆ ರಜ' ಎಂದು ಕ್ಯಾಲೆಂಡರಿನಲ್ಲಿ ಇರುತ್ತಿತ್ತು. ರಜ ಗಿರಾಕಿಗಳಿಗೆ, ನಮಗಲ್ಲ. ನಮಗೆ ವರ್ಷದಲ್ಲೇ ಅತಿ ಹೆಚ್ಚು ಕೆಲಸದ ದಿನಗಳು ಅವೇ.

ಈಗಿನ ಮಕ್ಕಳಿಗೆ ಬ್ಯಾಂಕ್ ಎಂದರೆ ಮೊಬೈಲ್. ಆಗ ಬ್ಯಾಂಕ್ ಎಂದರೆ ಲೆಜರ್. ಎರಡು ಕೈಯಲ್ಲಿ ಎತ್ತಬೇಕಾದ ದಪ್ಪ ಪುಸ್ತಕ, ಒಬ್ಬೊಬ್ಬ ಗಿರಾಕಿಗೆ ಒಂದೊಂದು ಹಾಳೆ. ಆರು ತಿಂಗಳಿಗೊಮ್ಮೆ ಪ್ರತಿಯೊಂದು ಉಳಿತಾಯ ಖಾತೆಗೂ ಬಡ್ಡಿ ಹಾಕಬೇಕು. ಆಗಿನ ನಿಯಮದ ಪ್ರಕಾರ ಪ್ರತಿ ತಿಂಗಳು 10ನೇ ತಾರೀಕಿನಿಂದ ಕೊನೆಯ ದಿನದವರೆಗೆ ಖಾತೆಯಲ್ಲಿದ್ದ ಅತಿ ಕಡಿಮೆ ಮೊತ್ತಕ್ಕೆ ಮಾತ್ರ ಬಡ್ಡಿ. ದಿನದಿನದ ಬಾಕಿಗೆ ಬಡ್ಡಿ ಲೆಕ್ಕ ಹಾಕುವ ಪದ್ಧತಿ ಬಂದದ್ದು 2010ರ ಏಪ್ರಿಲ್ 1ರಿಂದ, ನಾನು ನಿವೃತ್ತನಾದ ವರ್ಷ. ಅಲ್ಲಿಯವರೆಗೆ ಆರು ತಿಂಗಳ ಆರು ಕನಿಷ್ಠ ಮೊತ್ತಗಳನ್ನು ಹುಡುಕಿ, ಕೂಡಿ, ಬಡ್ಡಿ ಕಟ್ಟಬೇಕಿತ್ತು. ಸಾವಿರಾರು ಖಾತೆಗಳು. ಶಾಖೆಯಲ್ಲಿ ಕೈಯಿಂದ ತಿರುಗಿಸುವ ಒಂದು ಫೇಸಿಟ್ ಯಂತ್ರವಿತ್ತು, ಅದಕ್ಕೆ ಸರದಿ. ಉಳಿದದ್ದೆಲ್ಲ ತಲೆ ಮತ್ತು ಪೆನ್ಸಿಲ್ಲು.

ಬಡ್ಡಿ ಹಾಕಿದ ಮೇಲೆ ಎಲ್ಲ ಖಾತೆಗಳ ಬಾಕಿಯನ್ನೂ ಬ್ಯಾಲೆನ್ಸ್ ಬುಕ್ಕಿಗೆ ಇಳಿಸಿ ಕೂಡಬೇಕು. ಆ ಮೊತ್ತ ಜನರಲ್ ಲೆಜರಿನ ಮೊತ್ತಕ್ಕೆ ಪೈಸೆ ಬಿಡದೆ ಹೊಂದಬೇಕು. ಹೊಂದದಿದ್ದರೆ 'ಡಿಫರೆನ್ಸ್'. ಆ ಪದ ಕೇಳಿದರೆ ಈಗಲೂ ನನಗೆ ಹೊಟ್ಟೆಯೊಳಗೆ ತಣ್ಣಗಾಗುತ್ತದೆ.

1979ರ ಜೂನ್ 30 ಶನಿವಾರ. ಅದಕ್ಕೆ ಮೊದಲ ಮೂರು ವಾರ ರಾತ್ರಿ ಹತ್ತಕ್ಕೆ ಮುಂಚೆ ನಾನು ರೂಮು ಸೇರಿದವನಲ್ಲ. ಓವರ್‌ಟೈಮ್ ಸಿಗುತ್ತಿತ್ತು, ಮದುವೆಯಾಗಿ ಎರಡು ವರ್ಷ, ದುಡ್ಡು ಬೇಕಿತ್ತು. ಶನಿವಾರ ರಾತ್ರಿ ನನ್ನ ಲೆಜರುಗಳನ್ನು ಕೂಡಿದಾಗ 630 ರೂಪಾಯಿ ಹೆಚ್ಚು ಬಂತು. ಅಂದರೆ ಎಲ್ಲೋ ಒಂದು ತಪ್ಪು.

ಇಲ್ಲಿ ಒಂದು ಸಣ್ಣ ಗುಟ್ಟು ಹೇಳುತ್ತೇನೆ, ಮಕ್ಕಳು ಬರೆದುಕೊಳ್ಳಿ. ಅಕ್ಕಪಕ್ಕದ ಎರಡು ಅಂಕಿಗಳನ್ನು ತಿರುವುಮುರುವು ಬರೆದರೆ ಬರುವ ವ್ಯತ್ಯಾಸ ಯಾವಾಗಲೂ ಒಂಬತ್ತರಿಂದ ಭಾಗವಾಗುತ್ತದೆ. 91ನ್ನು 19 ಎಂದು ಬರೆದಿರಿ ಅನ್ನಿ, ವ್ಯತ್ಯಾಸ 72. ಏಳು, ಎರಡು ಕೂಡಿದರೆ ಒಂಬತ್ತು. ಬೇಕಾದ ಸಂಖ್ಯೆ ತೆಗೆದುಕೊಂಡು ಪರೀಕ್ಷಿಸಿ. 630ರ ಅಂಕಿಗಳನ್ನು ಕೂಡಿದರೂ ಒಂಬತ್ತೇ. ಹಾಗಾಗಿ ಎಲ್ಲೋ ಅಂಕಿ ತಿರುಗಿರಬೇಕು ಎಂದು ಹೆಡ್ ಕ್ಲರ್ಕ್ ಆಗಲೇ ಹೇಳಿದ್ದರು. ನನಗೂ ಗೊತ್ತಿತ್ತು. ಗೊತ್ತಿದ್ದರೂ ಸಿಗಲಿಲ್ಲ. ಶನಿವಾರ ರಾತ್ರಿ ಎರಡು ಗಂಟೆಯವರೆಗೆ ಹುಡುಕಿದೆ. ಭಾನುವಾರ ಬೆಳಿಗ್ಗೆ ಎಂಟಕ್ಕೇ ಹೋಗಿ ಮತ್ತೆ ಕೂತೆ. ಊಟಕ್ಕೂ ಏಳಲಿಲ್ಲ, ಬನ್ನು ಟೀ ತರಿಸಿಕೊಂಡೆ. ಸಂಜೆ ಹೊತ್ತಿಗೆ ಒಂದು ತಪ್ಪು ಸಿಕ್ಕಿತು. ಒಂದು ಖಾತೆಯ ಬಾಕಿ 724 ಇದ್ದದ್ದನ್ನು 742 ಎಂದು ಇಳಿಸಿದ್ದೆ. ತಿದ್ದಿದೆ. ಡಿಫರೆನ್ಸ್ 612ಕ್ಕೆ ಇಳಿಯಿತು. ಖುಷಿಯಿಂದ ಮ್ಯಾನೇಜರಿಗೆ ಹೇಳಿದೆ.

ಅವರು ಎದ್ದು ಬಂದು ಲೆಜರ್ ಹಾಳೆ ತೆಗೆಸಿ ನೋಡಿದರು. ಲೆಜರಿನಲ್ಲಿ ಸ್ಪಷ್ಟವಾಗಿ 742 ಎಂದೇ ಇತ್ತು. ಸರಿ ಇದ್ದದ್ದನ್ನು ನಾನು ತಪ್ಪು ಮಾಡಿದ್ದೆ.

ಅವರು ಬೈಯಲಿಲ್ಲ. "ಇದ್ದ ತಪ್ಪು ಸಿಗಲಿಲ್ಲ, ಇಲ್ಲದ ತಪ್ಪು ಮಾಡಿದ್ರಿ. ನಾಳೆ ನೀವು ಬರಬೇಡಿ. ಮಂಗಳವಾರ ಬನ್ನಿ" ಅಂದರು.

"ಸಾರ್, ಎಲ್ರೂ ಕೆಲಸ ಮಾಡ್ತಿರುವಾಗ..." ಎಂದು ಶುರು ಮಾಡಿದೆ.

"ಅದಕ್ಕೇ ಹೇಳ್ತಿರೋದು. ಎಲ್ರೂ ಮಾಡಿದ ಕೆಲಸ ನೀವು ಕೆಡಿಸಬಾರದು ನೋಡಿ" ಅಂದರು.

ನನಗೆ ಅವಮಾನವಾಯಿತು. ನಾಲ್ಕು ಜನರ ಮುಂದೆ ಮುಖ ಎತ್ತಲಾಗಲಿಲ್ಲ. ಓವರ್‌ಟೈಮ್ ಹೋಯಿತಲ್ಲ ಎಂಬ ಸಂಕಟ ಬೇರೆ. ಹೆಂಡತಿ ಆಗ ಬಾಣಂತನಕ್ಕೆ ತೌರಿಗೆ ಹೋಗಿದ್ದಳು. ರೂಮಿನಲ್ಲಿ ಒಬ್ಬನೇ ಕೂರಲಾರದೆ ಸೋಮವಾರ ಬೆಳಿಗ್ಗೆ ಮೊದಲ ಬಸ್ಸಿಗೆ ಊರಿಗೆ ಹೋದೆ. ನಮ್ಮೂರು ಅರಸೀಕೆರೆ ಸೀಮೆಯ ಹಳ್ಳಿ.

ಆರಿದ್ರಾ ಮಳೆ ಹಿಡಿದು ಬಿಟ್ಟಿತ್ತು. ಹೊಲ ಹದಕ್ಕೆ ಬಂದಿತ್ತು. ರಾಗಿಗೆ ನೆಲ ಹಸನು ಮಾಡುವ ಕಾಲ. ಇಂಥ ಹದ ಎರಡು ದಿನ ತಪ್ಪಿದರೆ ಮತ್ತೆ ಮಳೆಗೆ ಕಾಯಬೇಕು. ಅಪ್ಪ ಹೊಲದಲ್ಲಿರುತ್ತಾನೆ ಎಂದುಕೊಂಡು ಹೋದರೆ, ಅವನು ಹಟ್ಟಿ ಮುಂದೆ ಎತ್ತುಗಳ ಮೈ ತೊಳೆಯುತ್ತಿದ್ದ. ಒಂದು ಎತ್ತು ಕಣ್ಣು ಮುಚ್ಚಿ ಮೆಲುಕು ಹಾಕುತ್ತಿತ್ತು.

"ಹದ ಇಷ್ಟು ಚೆನ್ನಾಗಿದೆ, ಹೂಡಲಿಲ್ವೇನಪ್ಪ?" ಅಂದೆ.

"ಇವತ್ತು ಸೋಮ್ವಾರ ಅಲ್ವೇನ್ಲಾ" ಅಂದ.

ಮರೆತೇಬಿಟ್ಟಿದ್ದೆ. ನಮ್ಮ ಕಡೆ ಸೋಮವಾರ ಬಸವಣ್ಣನ ವಾರ. ಎತ್ತಿನ ಹೆಗಲ ಮೇಲೆ ನೊಗ ಇಡುವುದಿಲ್ಲ. ಕರ್ನಾಟಕದ ಎಷ್ಟೋ ಹಳ್ಳಿಗಳಲ್ಲಿ ಈ ಕಟ್ಟುಪಾಡು ಇದೆ. ಬಿತ್ತನೆ ಇರಲಿ, ಒಕ್ಕಣೆ ಇರಲಿ, ಸೋಮವಾರ ಸೋಮವಾರವೇ.

"ಒಂದು ವಾರ ತಪ್ಪಿಸಿದರೆ ಏನಾಗತ್ತೆ? ಮಂಗಳವಾರ ಬಿಡಬಹುದಲ್ಲ" ಅಂದೆ. ಬಿಕಾಂ ಓದಿದ ತಲೆ.

ಅಪ್ಪ ಎತ್ತಿನ ಹೆಗಲು ಉಜ್ಜುತ್ತಲೇ ಹೇಳಿದ. "ಕೆಲ್ಸ ಇಲ್ದಾಗ ಬಿಡೋದು ರಜ ಅಲ್ಲ ಕಣಪ್ಪ. ಕೆಲ್ಸ ಇದ್ದಾಗ ಬಿಡಬೇಕು. ಇವಕ್ಕೆ ಬಾಯಿಲ್ಲ, ಸಾಕಾಯ್ತು ಅಂತ ಹೇಳಕ್ಕಾಗಲ್ಲ. ನಮ್ಮನ್ನ ನಂಬಿದ್ರೆ ನಾವು ದಿನಾ ಹೂಡ್ತೀವಿ. ಅದ್ಕೇ ದೊಡ್ಡೋರು ವಾರ ಗೊತ್ತು ಮಾಡವ್ರೆ."

ಆಮೇಲೆ ನನ್ನ ಮುಖ ನೋಡಿ, "ನಿಂಗೆ ಬಾಯೈತಲ್ಲ, ನೀನ್ಯಾಕೆ ಹಿಂಗಾಗಿದ್ದೀಯ?" ಅಂದ. ನಾನು ಡಿಫರೆನ್ಸಿನ ಕಥೆ ಹೇಳಲಿಲ್ಲ. ಅಮ್ಮ ಕೊಟ್ಟ ಮುದ್ದೆ, ಸೊಪ್ಪಿನ ಸಾರು ಉಂಡು ಜಗಲಿಯ ಮೇಲೆ ಮಲಗಿದವನು ದೀಪ ಹಚ್ಚುವ ಹೊತ್ತಿಗೆ ಎದ್ದೆ.

ಮಂಗಳವಾರ ಬ್ಯಾಂಕಿಗೆ ಹೋಗಿ ಮೊದಲು 742ನ್ನು ಮತ್ತೆ 742 ಮಾಡಿದೆ. ಆಮೇಲೆ ಒಂದು ಗಂಟೆಯೊಳಗೆ ನಿಜವಾದ ತಪ್ಪು ಸಿಕ್ಕಿತು. ಒಂದು ಖಾತೆಯ ಬಾಕಿ 5,183. ನಾನು ಇಳಿಸಿದ್ದು 5,813. ವ್ಯತ್ಯಾಸ ಸರಿಯಾಗಿ 630. ಆ ಪುಟವನ್ನು ಎರಡು ದಿನದಲ್ಲಿ ಕನಿಷ್ಠ ನಾಲ್ಕು ಸಲ ನೋಡಿದ್ದೆ. ನನ್ನದೇ ಅಕ್ಷರವಾದ್ದರಿಂದ ಕಣ್ಣು ಓದುತ್ತಿರಲಿಲ್ಲ, ಒಪ್ಪಿಕೊಂಡು ಮುಂದೆ ಹೋಗುತ್ತಿತ್ತು. ಒಂದು ದಿನ ಬಿಟ್ಟು ಬಂದಾಗ ಅದು ಇನ್ನೊಬ್ಬರ ಬರಹದ ಹಾಗೆ ಕಂಡಿತು.

ಈಗ ಮತ್ತೆ ನಮ್ಮ ಮನೆಯ ಹಾಲ್‌ಗೆ ಬರೋಣ. 12, 21. ವ್ಯತ್ಯಾಸ ಒಂಬತ್ತು!

ಮೊಮ್ಮಗಳಿಗೆ ತಪ್ಪು ತೋರಿಸಿ ಮಲಗಿಸಿದೆ. ಬೆಳಿಗ್ಗೆ ಕಾಫಿ ಕುಡಿಯುವಾಗ ಮಗನಿಗೆ, "ಬರೋ ಭಾನುವಾರ ಇವಳಿಗೆ ಪೂರ್ತಿ ರಜ ಕೊಡೋಣ" ಅಂದೆ.

"ಪರೀಕ್ಷೆಗೆ ಇನ್ನು ಹದಿನಾರೇ ದಿನ ಅಪ್ಪ. ಮುಗಿದ ಮೇಲೆ ಎರಡು ತಿಂಗಳು ರಜವೇ ಅಲ್ವಾ?" ಅಂದ.

ನಾನು ಅಪ್ಪನ ಮಾತನ್ನೇ ಹೇಳಿದೆ. ಕೆಲಸವಿಲ್ಲದಾಗ ಬಿಡುವುದು ರಜ ಅಲ್ಲ. ಮಗ ಒಪ್ಪಲಿಲ್ಲ. ಸೊಸೆ ಮಾತ್ರ, "ಮಾವ ಹೇಳೋದು ಸರಿ. ನಮ್ಮ ಶಾಲೇಲೂ ನೋಡ್ತೀನಿ, ಕೊನೇ ವಾರ ನಿದ್ದೆಗೆಟ್ಟು ಬಂದ ಮಕ್ಕಳು ಬರೋ ಲೆಕ್ಕಾನೇ ತಪ್ಪು ಮಾಡ್ತಾರೆ" ಅಂದಳು. ಟೀಚರ್ ಹೇಳಿದ ಮೇಲೆ ಮಗ ಸುಮ್ಮನಾದ. ಭಾನುವಾರ ಎಲ್ಲರಿಗೂ ರಜ ಎಂದು ನಾನೇ ಘೋಷಣೆ ಮಾಡಿದೆ. ಹಿರಿಯನಾದ ಮೇಲೆ ಅಷ್ಟೂ ಅಧಿಕಾರ ಬೇಡವೇ?

ಅಡಿಗೆಮನೆಯಿಂದ ನನ್ನ ಹೆಂಡತಿ ಕೇಳಿದಳು. "ಎಲ್ಲರಿಗೂ ರಜ, ಸರಿ. ತಿಂಡಿ ಏನು ಮಾಡ್ಲಿ?"

ತಮಾಷೆಗೆ ಕೇಳಿದ್ದಲ್ಲ. ನಿಜವಾಗಿಯೇ ಕೇಳಿದ್ದು. ಎಲ್ಲರಿಗೂ ಎಂಬ ಮಾತಿನೊಳಗೆ ತಾನೂ ಇದ್ದೇನೆ ಎಂದು ಅವಳಿಗೆ ಹೊಳೆದಿರಲಿಲ್ಲ. ಹೇಳುವಾಗ ನನಗೂ ಹೊಳೆದಿರಲಿಲ್ಲ, ಅದನ್ನು ಇಲ್ಲಿ ಒಪ್ಪಿಕೊಳ್ಳಬೇಕು.

"ನೀನೂ ಏನೂ ಮಾಡಬೇಡ" ಅಂದೆ.

"ಹಾಗಾದ್ರೆ ಯಾರು ಮಾಡ್ತಾರೆ?"

ಆಗ ಸೊಸೆ ನಿಧಾನವಾಗಿ ಹೇಳಿದಳು. "ಮಾವ, ಅತ್ತೆ ಕಾಲು ನೋಡಿದ್ದೀರಾ? ಹದಿನೈದು ದಿನದಿಂದ ಸಂಜೆ ಹೊತ್ತಿಗೆ ಊದಿಕೊಳ್ತಿದೆ. ಹೇಳಬೇಡ ಅಂದಿದ್ರು. ಇವಳು ಬೆಳಿಗ್ಗೆ ಓದೋಕೆ ಏಳ್ತಾಳೆ ಅಂತ ನಾಲ್ಕೂವರೆಗೇ ಎದ್ದು ಹಾಲು ಕಾಯಿಸ್ತಿದ್ದಾರೆ. ರಾತ್ರಿ ಇವಳು ಮಲಗೋವರೆಗೂ ಅವರಿಗೂ ನಿದ್ದೆ ಇಲ್ಲ."

ಒಂದೇ ಮನೆ, ಒಂದೇ ಕೋಣೆ. ಸಾವಿರಾರು ಜನರ ಖಾತೆಯಲ್ಲಿ ಪೈಸೆ ತಪ್ಪಿದರೂ ಹುಡುಕುತ್ತಿದ್ದವನು ನಾನು. ಎದುರಿಗೇ ಇದ್ದ ಈ ಪುಟವನ್ನು ಎಷ್ಟು ಸಲ ನೋಡಿ ಮುಂದೆ ಹೋಗಿದ್ದೆನೋ. ಆಗಲೇ ಅದೂ ನೆನಪಾಯಿತು. 1979ರ ಆ ಸೋಮವಾರ ಎತ್ತಿಗೆ ರಜ, ಅಪ್ಪನಿಗೆ ಅರ್ಧ ರಜ, ನನಗೆ ಪೂರ್ತಿ ರಜ. ಅಮ್ಮ? ಕೊಟ್ಟಿಗೆ ಬಾಚಿ, ನೀರು ಸೇದಿ, ಮುದ್ದೆ ತಿರುವಿ, ನಾನು ಮಲಗಿದ್ದಾಗ ಅಂಗಳದಲ್ಲಿ ರಾಗಿ ಕೇರುತ್ತಿದ್ದಳು. ಮೊರದ ಸದ್ದು ನಿದ್ದೆಯಲ್ಲೂ ಕೇಳುತ್ತಿತ್ತು. ಬಾಯಿಲ್ಲದ ಎತ್ತಿಗೆ ದೊಡ್ಡವರು ವಾರ ಗೊತ್ತು ಮಾಡಿದರು. ಬಾಯಿದ್ದೂ ಕೇಳದವರಿಗೆ ಯಾರೂ ಗೊತ್ತು ಮಾಡಲಿಲ್ಲ.

ಅವತ್ತೇ ಮಧ್ಯಾಹ್ನ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ರಕ್ತದೊತ್ತಡ ಏರಿತ್ತು. ಮಾತ್ರೆ ಬದಲಾಯಿಸಿದರು, ಉಪ್ಪು ಕಡಿಮೆ ಮಾಡಲು ಹೇಳಿದರು, ಕಾಲು ಎತ್ತಿಟ್ಟು ಕೂರಬೇಕು, ನಿದ್ದೆ ಸರಿಯಾಗಿ ಮಾಡಬೇಕು ಅಂದರು. "ಮನೇಲಿ ಪರೀಕ್ಷೆ ಇದೆ ಡಾಕ್ಟ್ರೇ" ಅಂದಳು ಇವಳು. "ಯಾರಿಗೆ, ನಿಮಗಾ?" ಅಂದರು ಅವರು.

ಭಾನುವಾರ ಬಂತು. ಶನಿವಾರ ರಾತ್ರಿಯೇ ಮೊಮ್ಮಗಳ ಪುಸ್ತಕಗಳನ್ನೆಲ್ಲ ಬೀರುವಿನಲ್ಲಿಟ್ಟೆವು. ಮೊಬೈಲುಗಳನ್ನೂ ಅಲ್ಲೇ ಇಟ್ಟೆವು. ಮಗನದ್ದು ಮಾತ್ರ ಆಫೀಸಿನ ಫೋನ್ ಬಂದರೆ ಎಂದು ಹೊರಗುಳಿಯಿತು. ಬೆಳಿಗ್ಗೆ ಮಗ ಹೋಟೆಲಿನಿಂದ ಇಡ್ಲಿ ತಂದ. ಮಧ್ಯಾಹ್ನಕ್ಕೆ ಸೊಸೆಗೂ ಅಡಿಗೆಯಿಲ್ಲ. ನಾನು, ಮಗ ಸೇರಿ ಅನ್ನ, ತಿಳಿಸಾರು ಮಾಡಿದೆವು. ಸಾರಿಗೆ ಹುಳಿ ಹೆಚ್ಚಾಯಿತು. ಯಾರೂ ಏನೂ ಅನ್ನಲಿಲ್ಲ, ಮೊಮ್ಮಗಳು ಮಾತ್ರ ಎರಡು ಸಲ ಮಜ್ಜಿಗೆ ಬಡಿಸಿಕೊಂಡಳು.

ಅತಿ ಕಷ್ಟವಾದದ್ದು ನನ್ನ ಹೆಂಡತಿಗೆ. ಅವಳಿಗೆ ಕೂರಲು ಬರುವುದಿಲ್ಲ. ಕುರ್ಚಿಯ ಮುಂದೆ ಸ್ಟೂಲ್ ಇಟ್ಟು ಕಾಲು ಮೇಲಿರಿಸಿ ಕೂರಿಸಿದರೆ ಐದು ನಿಮಿಷಕ್ಕೆ ಎದ್ದಳು. ಕುಕ್ಕರ್ ಎಷ್ಟು ಕೂಗಿತು ಎಂದು ಎಣಿಸುತ್ತಿದ್ದಳು. ಕೊನೆಗೆ ಮೊಮ್ಮಗಳು ಅಟ್ಟದಿಂದ ಚೌಕಾಬಾರದ ಮಣೆ ತಂದು ಹಾಸಿದಳು. ಅಜ್ಜಿಗೆ ಎದುರಾಳಿ ಇಲ್ಲ, ಕವಡೆ ಹಿಡಿದರೆ ಕೇಳಿದ್ದು ಬೀಳುತ್ತದೆ. ನನ್ನ ಕಾಯಿಗಳನ್ನು ಮೂರು ಸಲ ಹೊಡೆದು ಮನೆಗೆ ಕಳಿಸಿದಳು. ಆಟ ಮುಗಿದ ಮೇಲೆ ಮಂಚದ ಮೇಲೆ ಒರಗಿದವಳು ಹಾಗೇ ನಿದ್ದೆ ಹೋದಳು. ಹಗಲು ಎರಡೂವರೆ ಗಂಟೆ! ನಲವತ್ತೇಳು ವರ್ಷದ ಸಂಸಾರದಲ್ಲಿ, ಜ್ವರವಿಲ್ಲದೆ ಹಗಲು ಅಷ್ಟು ಹೊತ್ತು ಅವಳು ಮಲಗಿದ್ದನ್ನು ನಾನು ನೋಡಿರಲಿಲ್ಲ.

ಎದ್ದ ಮೇಲೆ ಗಾಬರಿಯಿಂದ, "ಸಂಜೆಯಾಗಿಹೋಯ್ತಾ? ಯಾರೂ ಎಬ್ಬಿಸಬಾರದಾ?" ಅಂದಳು. ಮೊಮ್ಮಗಳು ಕಾಫಿ ತಂದುಕೊಟ್ಟಳು. ಅವಳೇ ಮಾಡಿದ್ದು. ಸಕ್ಕರೆ ಜಾಸ್ತಿಯಾಗಿತ್ತು.

ಓದುಗರು ಈಗ ಕೇಳುತ್ತೀರಿ, ಮೊಮ್ಮಗಳಿಗೆ ಎಷ್ಟು ಅಂಕ ಬಂತು ಎಂದು. ಚೆನ್ನಾಗಿಯೇ ಬಂತು. ಆದರೆ ಆ ಒಂದು ಭಾನುವಾರದಿಂದ ಎಷ್ಟು ಅಂಕ ಬಂತು, ಉಳಿದ ದಿನಗಳ ಓದಿನಿಂದ ಎಷ್ಟು ಬಂತು ಎಂದು ಬೇರೆ ಬೇರೆ ಬರೆಯುವ ಲೆಜರ್ ಇಲ್ಲ. ನಾನು ಕಂಡದ್ದು ಇಷ್ಟು. ಸೋಮವಾರದಿಂದ ಅವಳು ರಾತ್ರಿ ಹತ್ತೂವರೆಗೆ ಮಲಗಿದಳು, ನಡುರಾತ್ರಿ ಅಳಲಿಲ್ಲ. ಹತ್ತೂವರೆಗೆ ಅವಳು ಮಲಗಿದ್ದರಿಂದ ಅಜ್ಜಿಯೂ ಮಲಗಿದಳು. ಬೆಳಗಿನ ಹಾಲು ಕಾಯಿಸುವ ಕೆಲಸ ಈಗಲೂ ನನ್ನದೇ. ಎರಡು ಸಲ ಉಕ್ಕಿಸಿದ್ದೇನೆ, ಪರವಾಗಿಲ್ಲ.

ನಾವು ಈಗ ಭಾನುವಾರದ ರಜವನ್ನು ಗಾಳಿ, ನೀರಿನ ಹಾಗೆ ತಾನಾಗಿಯೇ ಬಂದದ್ದು ಎಂದುಕೊಂಡಿದ್ದೇವೆ. ಹಾಗಲ್ಲ. ಮುಂಬಯಿಯ ಗಿರಣಿ ಕಾರ್ಮಿಕರಿಗೆ ವಾರದ ರಜವೇ ಇರಲಿಲ್ಲ. ನಾರಾಯಣ ಮೇಘಾಜಿ ಲೋಖಂಡೆ ಎಂಬವರು ವರ್ಷಗಟ್ಟಲೆ ಹೋರಾಡಿದ ಮೇಲೆ 1890ರ ಜೂನ್‌ನಲ್ಲಿ ಅವರಿಗೆ ಭಾನುವಾರದ ರಜ ಸಿಕ್ಕಿತು. ನಮ್ಮ ಬ್ಯಾಂಕಿನವರಿಗೆ ಎರಡನೇ, ನಾಲ್ಕನೇ ಶನಿವಾರ ರಜ ಬಂದದ್ದು 2015ರ ಸೆಪ್ಟೆಂಬರಿನಲ್ಲಿ, ಅದೂ ಕೇಳಿ ಕೇಳಿ. ಕಾರ್ಖಾನೆಯವರು ಕೇಳಿ ಪಡೆದರು, ಬ್ಯಾಂಕಿನವರು ಕೇಳಿ ಪಡೆದರು. ಅಡಿಗೆಮನೆಗೆ ಸಂಘವಿಲ್ಲ. ಅಲ್ಲಿ ಮನೆಯವರೇ ನೆನಪಿಟ್ಟುಕೊಂಡು ಕೊಡಬೇಕು.

ಹಾಗಾಗಿ ಈ ಪರೀಕ್ಷೆಯ, ಲೆಕ್ಕಪತ್ರದ ದಿನಗಳಲ್ಲಿ ಒಂದು ದಿನ ಆರಿಸಿ. ಸುಸ್ತಾದ ಮೇಲೆ ನೋಡೋಣ ಎನ್ನಬೇಡಿ. ಸುಸ್ತಾದ ತಲೆಗೆ ತಾನು ಸುಸ್ತಾಗಿದ್ದೇನೆ ಎಂಬುದೇ ತಿಳಿಯುವುದಿಲ್ಲ, 742ನ್ನು 724 ಎಂದು ತಿದ್ದಿ ಖುಷಿಪಡುತ್ತದೆ. ಮೊದಲೇ ದಿನ ಗೊತ್ತು ಮಾಡಿ, ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಬಾಕಿ ಬಿದ್ದ ಕೆಲಸವನ್ನೆಲ್ಲ ಆ ದಿನಕ್ಕೆ ತಳ್ಳಬೇಡಿ. ಟಿವಿ, ಮೊಬೈಲ್ ನೋಡುತ್ತಾ ಕೂತರೆ ಕಣ್ಣಿಗೆ ರಜ ಸಿಗುವುದಿಲ್ಲ. ಮತ್ತು ಆ ದಿನ ತಿಂಡಿ ಯಾರು ಮಾಡುತ್ತಾರೆ ಎಂಬುದನ್ನು ಮೊದಲು ತೀರ್ಮಾನಿಸಿ, ಆಮೇಲೆ ಎಲ್ಲರಿಗೂ ರಜ ಎಂದು ಘೋಷಿಸಿ.

ನಮ್ಮ ಮನೆಯಲ್ಲಿ ಈ ತಿಂಗಳ ಆ ದಿನ ಬರುವ ಭಾನುವಾರ. ಸಾರು ನಾನೇ ಮಾಡುವವನು. ಹುಣಸೆಹಣ್ಣು ಎಷ್ಟು ಹಾಕಬೇಕು ಎಂದು ಹೆಂಡತಿಯನ್ನು ಕೇಳಿ ಚೀಟಿಯಲ್ಲಿ ಬರೆದುಕೊಂಡಿದ್ದೇನೆ.